ನಾಲ್ಕು ಕಾಲಿನ ಮರಿ, ಎರಡು ಕಾಲಿನ ತಾಯಿ

ಸಂತಾಪ ಸಭೆಯಲ್ಲಿ ಎರಡು ನಿಮಿಷ ಮೌನ ಎಂದು ಹೇಳಿದವನು ನಾನೇ. ಒಂದು ನಿಮಿಷ ಆಗುವ ಮೊದಲೇ ನಮ್ಮ ಸಂಸ್ಥೆಯ ಅಧ್ಯಕ್ಷರು ಕೆಮ್ಮಿ ಕುಳಿತುಬಿಟ್ಟರು. ಅವರು ಕುಳಿತ ಮೇಲೆ ಉಳಿದವರೂ ಕುಳಿತರು. ಹೆಡ್ ಮಾಸ್ತರನಾದ ನಾನೂ ಕುಳಿತೆ. ಹದಿನೆಂಟು ವರ್ಷ ನಮ್ಮ ಶಾಲೆಯಲ್ಲಿ ಚಿತ್ರಕಲೆ ಕಲಿಸಿದ ಮನುಷ್ಯನಿಗೆ ಸಲ್ಲಬೇಕಾದ ಮೌನದಲ್ಲೂ ಅರ್ಧ ಉಳಿಸಿಕೊಂಡೆವು.

ಆಮೇಲೆ ಅಧ್ಯಕ್ಷರು ಮಾತಾಡಿದರು. ಜಮಖಂಡಿ ತಾಲೂಕಿನ ಯಾವ ಸಾಲಿಯಲ್ಲೂ ಇಲ್ಲದ ಡೈನೋಸಾರ್ ನಮ್ಮ ಸಾಲಿಯಲ್ಲಿದೆ, ಅದನ್ನು ಮಾಡಿದ ಕೈ ಇವತ್ತು ಇಲ್ಲ ಎಂದರು. ಮಕ್ಕಳು ಚಪ್ಪಾಳೆ ಹೊಡೆದರು. ಇಂಥ ಸಭೆಯಲ್ಲಿ ಚಪ್ಪಾಳೆ ಹೊಡೆಯಬಾರದೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಕೊನೆಗೆ ನಾನೂ ಎದ್ದು, ಕರ್ತವ್ಯನಿಷ್ಠೆ, ಸರಳತೆ, ತುಂಬಲಾರದ ನಷ್ಟ ಎಂದು ಎಲ್ಲರಿಗೂ ಹೊಂದುವ ಮಾತುಗಳನ್ನು ಹೇಳಿ ಮುಗಿಸಿದೆ. ಅಂದು ಹೇಳದೆ ಬಿಟ್ಟದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಆ ಚಿತ್ರಕಲಾ ಮಾಸ್ತರರ ಹೆಸರು ಬರೆಯುವುದಿಲ್ಲ. ಅವರ ಹೆಸರನ್ನು ಬಳಸುವ ಹಕ್ಕು ನನಗೆ ಉಳಿದಿಲ್ಲ.

ಅವರು ರಬಕವಿಯವರು, ನೇಕಾರರ ಮನೆಯವರು. ದಿನಾ ಬೆಳಿಗ್ಗೆ ಬಸ್ಸಿಗೆ ಜಮಖಂಡಿಗೆ ಬಂದು ಸಂಜೆ ವಾಪಸು ಹೋಗುತ್ತಿದ್ದರು. ಮಗ್ಗದ ಸದ್ದಿನಲ್ಲೇ ಬೆಳೆದವರಾದ್ದರಿಂದ ಮಾತು ಸ್ವಲ್ಪ ಜೋರು. ಸ್ಟಾಫ್ ರೂಮಿನಲ್ಲಿ ಗುಟ್ಟು ಹೇಳಿದರೂ ಎಂಟನೇ ಇಯತ್ತೆಯ ಕ್ಲಾಸಿನವರೆಗೆ ಕೇಳುತ್ತಿತ್ತು. ಸಣ್ಣವರಿದ್ದಾಗ ಸೀರೆಯ ಅಂಚಿನ ನಮೂನೆಗಳನ್ನು ಚೌಕಳಿ ಹಾಳೆಯ ಮೇಲೆ ಬರೆದು ಕೊಡುತ್ತಿದ್ದರಂತೆ. ಆ ಅಭ್ಯಾಸ ಕೈಗೆ ಅಂಟಿಕೊಂಡಿತ್ತು. ಯಾವ ವಸ್ತುವನ್ನು ಕಂಡರೂ ಮೊದಲು ಅದಕ್ಕೆ ಮನಸ್ಸಿನಲ್ಲಿ ಚೌಕಳಿ ಹಾಕುತ್ತಿದ್ದರು.

ಅವರ ಇನ್ನೊಂದು ಅಭ್ಯಾಸ ಅನೇಕರಿಗೆ ಸೇರುತ್ತಿರಲಿಲ್ಲ. ಎದುರಿಗೆ ಯಾರೇ ನಿಂತಿರಲಿ, ಸೀಮೆಸುಣ್ಣದ ತುಂಡನ್ನು ನೆಟ್ಟಗೆ ಮುಂದೆ ಹಿಡಿದು, ಒಂದು ಕಣ್ಣು ಮುಚ್ಚಿ, ಹೆಬ್ಬೆರಳಿನಿಂದ ಅಳೆಯುತ್ತಿದ್ದರು. ಆಳಿನ ಎತ್ತರದಲ್ಲಿ ಅವನ ತಲೆ ಎಷ್ಟು ಸಲ ಹಿಡಿಸುತ್ತದೆ ಎಂಬ ಲೆಕ್ಕ. ದೊಡ್ಡವರಲ್ಲಿ ಏಳು, ಏಳೂವರೆ. ಹುಟ್ಟಿದ ಕೂಸಿನಲ್ಲಿ ನಾಲ್ಕೇ. ದೇವರ ಮೂರ್ತಿಗೆ ಒಂಬತ್ತು ಬೇಕು ಎಂದು ಶಿಲ್ಪಿಗಳು ಹೇಳುತ್ತಾರೆ. ಒಂದು ದಿನ ಅಧ್ಯಕ್ಷರು ಧ್ವಜ ಹಾರಿಸಿ ಹೋದ ಮೇಲೆ ಸ್ಟಾಫ್ ರೂಮಿನಲ್ಲಿ, ನಮ್ಮ ಅಧ್ಯಕ್ಷರು ಬರೇ ಆರು ತಲೆ ಎಂದುಬಿಟ್ಟರು. ಅವರಿಗೆ ಅದು ಅಳತೆ. ನಮಗೆ ಅದು ಚೇಷ್ಟೆ. ನಕ್ಕವರಲ್ಲೇ ಯಾರೋ ಒಬ್ಬರು ಅದನ್ನು ಸಂಜೆಯೊಳಗೆ ಮುಟ್ಟಬೇಕಾದಲ್ಲಿಗೆ ಮುಟ್ಟಿಸಿದರು.

ಸಾಧು ಸ್ವಭಾವದವರೇನೂ ಆಗಿರಲಿಲ್ಲ. ಎರಡು ಗುಡ್ಡದ ನಡುವೆ ಸೂರ್ಯ, ಮುಂದೊಂದು ಮನೆ, ಪಕ್ಕದಲ್ಲೊಂದು ಗಿಡ ಬರೆದು ತಂದ ಹುಡುಗರ ಹಾಳೆಯನ್ನು ಹರಿದು ಕೈಗೆ ಕೊಡುತ್ತಿದ್ದರು. ಜಮಖಂಡಿಯಲ್ಲಿ ಇಂಥ ಜಾಗ ಎಲ್ಲಿದೆ ತೋರಿಸು, ನಾಳೆಯೇ ಹೋಗೋಣ ಎನ್ನುತ್ತಿದ್ದರು. ಹುಡುಗಿಯರು ಅತ್ತರೂ ಕರಗುತ್ತಿರಲಿಲ್ಲ. ನನ್ನಿಂದ ಒಯ್ದ ಪುಸ್ತಕಗಳಲ್ಲಿ ಅರ್ಧ ವಾಪಸು ಬರಲಿಲ್ಲ. ಬಂದವುಗಳ ಅಂಚಿನಲ್ಲಿ ನಾಯಿ, ಕೋಳಿ, ಎತ್ತಿನ ಕಾಲುಗಳು ತುಂಬಿರುತ್ತಿದ್ದವು.

ಅವರ ತಲೆಯಲ್ಲಿ ಒಂದೇ ಮಾತು ಕೂತಿತ್ತು: ಸಣ್ಣದು ಎಂದರೆ ದೊಡ್ಡದನ್ನು ಕುಗ್ಗಿಸಿದ್ದಲ್ಲ. ಮಕ್ಕಳು ಕೂಸಿನ ಚಿತ್ರ ಬರೆಯಲು ಹೋಗಿ ಗಿಡ್ಡ ಮುದುಕರನ್ನು ಬರೆಯುತ್ತಾರೆ ಎಂದು ಸಿಟ್ಟಾಗುತ್ತಿದ್ದರು. ಆಕಳ ಕರು ನೋಡಿ, ಹುಟ್ಟಿದ ದಿನವೇ ಕಾಲು ಮಾತ್ರ ತಾಯಿಗೆ ಸಮೀಪ ಬಂದಿರುತ್ತದೆ, ಮೈ ಆಮೇಲೆ ಬರುತ್ತದೆ. ಕೋಳಿಮರಿ ಹಾಗಲ್ಲ, ಅದಕ್ಕೆ ಕಾಲು ಆಮೇಲೆ. ಪ್ರತಿಯೊಂದು ಪ್ರಾಣಿಯೂ ತನ್ನದೇ ಲೆಕ್ಕದಲ್ಲಿ ಬೆಳೆಯುತ್ತದೆ ಎನ್ನುತ್ತಿದ್ದರು. ಇದನ್ನು ಪರೀಕ್ಷಿಸಲೆಂದೇ ಒಂದು ವರ್ಷ ಮುಧೋಳದ ಹತ್ತಿರದ ಹಳ್ಳಿಯೊಂದಕ್ಕೆ ರವಿವಾರ ತಪ್ಪದೆ ಹೋದರು. ಅಲ್ಲೊಬ್ಬರು ಬೇಟೆನಾಯಿ ಸಾಕುತ್ತಿದ್ದರು. ಮುಧೋಳ ನಾಯಿಯ ಮರಿ ಹುಟ್ಟಿದಾಗ ಬೀದಿನಾಯಿಯ ಮರಿಯ ಹಾಗೇ ಇರುತ್ತದೆ, ದಪ್ಪ ಗಿಡ್ಡ ಕಾಲು, ಗುಂಡು ಮೈ. ತಿಂಗಳುಗಳು ಕಳೆದಂತೆ ಒಮ್ಮೆಲೇ ಕಾಲು ಚಿಗುರುತ್ತವೆ. ಒಂದೇ ಮರಿಯ ಮುಂಗಾಲು ಹಿಂಗಾಲುಗಳನ್ನು ವಾರ ವಾರ ದರ್ಜಿಯ ಟೇಪಿನಲ್ಲಿ ಅಳೆದು ಬರೆದುಕೊಂಡರು. ತಾಯಿನಾಯಿ ಅವರ ಪ್ಯಾಂಟು ಹರಿಯಿತು. ಹರಿದ ಪ್ಯಾಂಟಿಗೆ ತೇಪೆ ಹಾಕಿಕೊಂಡೇ ಸೋಮವಾರ ಶಾಲೆಗೆ ಬಂದರು.

ನಾನು ಆಗ ನಮ್ಮ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಹುನ್ನೂರಿನಿಂದ ಬೈಕಿನಲ್ಲಿ ಬರುತ್ತಿದ್ದೆ. ಅವರ ಹುಚ್ಚಿಗೆ ಎಣ್ಣೆ ಸುರಿದವನು ನಾನೇ. ಡೈನೋಸಾರ್‌ಗಳ ಎಲುಬಿನ ಬಗ್ಗೆ ಇಂಟರ್‌ನೆಟ್ಟಿನಲ್ಲಿ ಸಿಕ್ಕ ಒಂದು ಇಂಗ್ಲಿಷ್ ಲೇಖನವನ್ನು ಮುದ್ರಿಸಿ ಅವರಿಗೆ ಕೊಟ್ಟೆ. ಅವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಮೂರು ದಿನ ಊಟದ ಬಿಡುವಿನಲ್ಲಿ ಕೂತು ಸಾಲು ಸಾಲಾಗಿ ಕನ್ನಡದಲ್ಲಿ ಹೇಳಿದೆ.

ಮುಸ್ಸಾರಸ್ ಎಂಬ ಡೈನೋಸಾರ್ ಇತ್ತು. ದಕ್ಷಿಣ ಅಮೆರಿಕದಲ್ಲಿ ಅದರ ಮೊಟ್ಟೆ, ಆಗತಾನೇ ಹುಟ್ಟಿದ ಮರಿ, ಬೆಳೆದ ಪ್ರಾಣಿ, ಎಲ್ಲದರ ಎಲುಬೂ ಸಿಕ್ಕಿವೆ. ಇಂಥ ಅದೃಷ್ಟ ಅಪರೂಪ. ಮರಿ ಅಂಗೈಯಲ್ಲಿ ಹಿಡಿಸುವಷ್ಟು, ಬೆಳೆದದ್ದು ಎತ್ತಿಗಿಂತ ಭಾರ. ಮರಿಯ ತಲೆ ದೊಡ್ಡದು, ಬಾಲ ಸಣ್ಣದು, ಮುಂಗಾಲು ಹಿಂಗಾಲುಗಳ ನಡುವೆ ಅಂಥ ಅಂತರವಿಲ್ಲ. ಮೈಯ ಭಾರವೆಲ್ಲ ಮುಂದಿರುವುದರಿಂದ ಅದು ನಾಲ್ಕು ಕಾಲಲ್ಲಿ ನಡೆಯುತ್ತದೆ. ಬೆಳೆಯುತ್ತ ಹೋದಂತೆ ಬಾಲ ಉದ್ದವಾಗಿ ದಪ್ಪವಾಗುತ್ತದೆ, ಭಾರ ಹಿಂದಕ್ಕೆ ಸರಿಯುತ್ತದೆ, ಹಿಂಗಾಲು ಗಟ್ಟಿಯಾಗುತ್ತದೆ. ಆಗ ಅದು ಮುಂಗಾಲು ಎತ್ತಿ ಎರಡೇ ಕಾಲಲ್ಲಿ ನಡೆಯತೊಡಗುತ್ತದೆ. ಇಷ್ಟು ಹೇಳಿದಾಗ ಅವರು ತಿನ್ನುತ್ತಿದ್ದ ರೊಟ್ಟಿ ಕೈಯಲ್ಲೇ ಇತ್ತು.

"ಅಂದ್ರ ಅಂಬೆಗಾಲ ಹಾಕಿ ಆಮ್ಯಾಲ ಎದ್ದ ನಿಲ್ಲತೈತಿ," ಎಂದರು. "ನಮ್ಮ ಕೂಸಿನ ಹಂಗ."

ಬೇರೆ ಕೆಲವು ಜಾತಿಗಳು ಇದಕ್ಕೆ ತಿರುವುಮುರುವು ಎಂದೂ ಲೇಖನದಲ್ಲಿತ್ತು. ಅವುಗಳ ಮರಿಗಳು ಎರಡು ಕಾಲಲ್ಲಿ ಓಡಾಡಿಕೊಂಡಿದ್ದು, ಮೈಯ ತೂಕ ಬಂದ ಮೇಲೆ ಮುಂಗಾಲೂ ಊರಿ ನಡೆಯುತ್ತವೆ. ಅದನ್ನು ಕೇಳಿ ಅವರು ಸುತ್ತ ಕುಳಿತಿದ್ದ ನಮ್ಮನ್ನೆಲ್ಲ ಒಮ್ಮೆ ನೋಡಿದರು. "ಇವು ಸ್ಟಾಫ್ ರೂಮಿನ ಜಾತಿ ನೋಡ್ರಿ. ಬರೂವಾಗ ಎರಡ ಕಾಲಮ್ಯಾಲ ಬರತಾವು. ನೌಕರಿ ಖಾಯಂ ಆದಂಗ ಆದಂಗ ಮುಂದಿನ ಕೈನೂ ನೆಲಕ್ಕ ಊರತಾವು." ಯಾರೂ ನಗಲಿಲ್ಲ. ನಾನು ಮಾತ್ರ ನಕ್ಕೆ. ಆ ಜಾತಿಯಲ್ಲಿ ನಾನಿಲ್ಲ ಎಂದುಕೊಂಡಿದ್ದೆ.

ಮರುದಿನ ಹಳೆಯ ನೋಟ್‌ಬುಕ್ಕಿನ ರಟ್ಟಿನಲ್ಲಿ ಎರಡು ಆಕಾರ ಕತ್ತರಿಸಿ ತಂದರು. ಒಂದು ಮರಿ, ಒಂದು ಬೆಳೆದದ್ದು, ಎರಡೂ ಒಂದೇ ಉದ್ದ. ಪೆನ್ಸಿಲಿನ ತುದಿಯ ಮೇಲೆ ಒಂದೊಂದನ್ನೇ ಇಟ್ಟು ತೂಗಿಸಿದರು. ಮರಿಯ ಆಕಾರ ಎದೆಯ ಹತ್ತಿರ ಇಟ್ಟಾಗ ನಿಂತಿತು. ಬೆಳೆದದ್ದನ್ನು ಎದೆಯ ಹತ್ತಿರ ಇಟ್ಟರೆ ಬಾಲದ ಕಡೆ ಜಾರಿ ಬಿತ್ತು. ಪೆನ್ಸಿಲನ್ನು ಹಿಂದೆ ಹಿಂದೆ ಸರಿಸುತ್ತ ಹೋದರು. ಸರಿಯಾಗಿ ಟೊಂಕದ ಬುಡಕ್ಕೆ ಬಂದಾಗ ಅಲ್ಲಾಡದೆ ನಿಂತಿತು. ಆಗ ಅವರ ಮುಖ ನೋಡಬೇಕಿತ್ತು. ನಾನು ಎಷ್ಟೋ ವರ್ಷ ಗುರುತ್ವದ ಪಾಠ ಮಾಡಿದವನು, ಅಷ್ಟು ಸ್ಪಷ್ಟವಾಗಿ ಯಾವತ್ತೂ ತೋರಿಸಿರಲಿಲ್ಲ. ಎತ್ತರ ಎರಡು ಪಟ್ಟಾದರೆ ತೂಕ ಎಂಟು ಪಟ್ಟಾಗುತ್ತದೆ, ಅದಕ್ಕೇ ಕಾಲಿನ ಎಲುಬು ಉದ್ದವಾಗುವುದಕ್ಕಿಂತ ಹೆಚ್ಚಾಗಿ ದಪ್ಪವಾಗಬೇಕು ಎಂದು ನಾನು ವಿವರಿಸಲು ಹೋದರೆ, ಅದು ಗಣಪತಿ ಮಾಡುವವರಿಗೆಲ್ಲ ಗೊತ್ತು ಎಂದರು. ಗೇಣುದ್ದದ ಗಣಪತಿಗೆ ಕಡ್ಡಿ ಸಾಕು, ಆಳೆತ್ತರದ ಗಣಪತಿಗೆ ಬಿದಿರೇ ಬೇಕು.

ಅದೇ ವರ್ಷ ಅಧ್ಯಕ್ಷರು ಎಲ್ಲೋ ಪ್ರವಾಸಕ್ಕೆ ಹೋಗಿ ಅಲ್ಲಿನ ತೋಟವೊಂದರಲ್ಲಿ ಸಿಮೆಂಟಿನ ಡೈನೋಸಾರ್ ನೋಡಿ ಬಂದರು. ಶಾಲೆಯ ಮುಂದಿನ ಖಾಲಿ ಜಾಗದಲ್ಲಿ ವಿಜ್ಞಾನ ಉದ್ಯಾನ ಮಾಡಬೇಕು, ಅದರಲ್ಲಿ ಡೈನೋಸಾರ್ ನಿಲ್ಲಿಸಬೇಕು, ಉದ್ಘಾಟನೆಗೆ ದೊಡ್ಡವರನ್ನು ಕರೆಸಬೇಕು ಎಂದು ತೀರ್ಮಾನವಾಯಿತು. ಕೆಲಸ ಚಿತ್ರಕಲಾ ಮಾಸ್ತರರ ಪಾಲಿಗೆ ಬಂತು. ಅವರು ಕುಣಿದಾಡಲಿಲ್ಲ. ನನ್ನ ಹತ್ತಿರ ಬಂದು, ಆ ಲೇಖನವನ್ನು ಇನ್ನೊಂದು ಸಲ ಓದಿ ಹೇಳಬೇಕು, ಒಂದು ಅಕ್ಷರವೂ ಬಿಡಬಾರದು ಎಂದರು.

ಬೇಸಿಗೆ ರಜೆಯಿಡೀ ಕೆಲಸ ಮಾಡಿದರು. ಬಿಸಿಲಿಗೆ ತಲೆಗೆ ಟವೆಲ್ ಸುತ್ತಿಕೊಂಡು, ಕಬ್ಬಿಣದ ಸರಳು ಬಗ್ಗಿಸಿ, ತಂತಿಯ ಜಾಳಿಗೆ ಕಟ್ಟಿ, ಬೀಳಗಿಯ ಗೌಂಡಿಯೊಬ್ಬನನ್ನು ಜೊತೆಗಿಟ್ಟುಕೊಂಡು ಸಿಮೆಂಟು ಹಾಕಿದರು. ಮೊದಲು ತಾಯಿ: ಎರಡು ಕಾಲ ಮೇಲೆ ನಿಂತು, ಕತ್ತು ಚಾಚಿ, ಬಾಲವನ್ನು ನೆಲಕ್ಕೆ ತಾಗಿಸದೆ ಹಿಂದಕ್ಕೆ ತೂಗಿಬಿಟ್ಟಿತ್ತು. ಅದರ ಬುಡದಲ್ಲಿ ಮೂರು ಮರಿ, ನಾಲ್ಕೂ ಕಾಲೂರಿ, ದೊಡ್ಡ ತಲೆ ಎತ್ತಿ ನೋಡುತ್ತ. ನಿಜವಾದ ಮರಿ ಅಂಗೈಯಷ್ಟೇ ಇರಬೇಕಿತ್ತು. ಮಕ್ಕಳು ತುಳಿದಾರೆಂದು ಅವನ್ನು ಬೆಕ್ಕಿನಷ್ಟು ದೊಡ್ಡ ಮಾಡಬೇಕಾಯಿತು. ಅಷ್ಟು ಸುಳ್ಳಿಗೇ ಎರಡು ದಿನ ಮಂಕಾಗಿದ್ದರು. ತಾಯಿಗೂ ಮರಿಗಳಿಗೂ ನಡುವೆ ಇನ್ನೊಂದನ್ನು ಮಾಡಿದರು. ಅದು ಎಳೆಯ ವಯಸ್ಸಿನದು. ಮುಂಗಾಲು ಆಗತಾನೇ ನೆಲ ಬಿಟ್ಟಿದೆ, ಪೂರ್ತಿ ಎದ್ದಿಲ್ಲ. ಇನ್ನೊಂದು ಹೆಜ್ಜೆಗೆ ಮತ್ತೆ ಕೈಯೂರಬಹುದು, ಊರದೆಯೂ ಇರಬಹುದು. ನಾನು ನನ್ನ ಜೀವನದಲ್ಲಿ ಕಂಡ ಚಂದದ ವಸ್ತುಗಳಲ್ಲಿ ಅದೊಂದು. ಅದನ್ನು ಮುಗಿಸಿದ ಸಂಜೆ ಅವರು ಕಟ್ಟೆಯ ಮೇಲೆ ಕೂತು, "ಸರ, ಇದಕ್ಕ ಇನ್ನ ಖಾತ್ರಿ ಇಲ್ಲ," ಎಂದರು. ಯಾವುದರ ಖಾತ್ರಿ ಎಂದು ನಾನು ಕೇಳಲಿಲ್ಲ.

ಉದ್ಘಾಟನೆಗೆ ಎಂಟು ದಿನ ಇದ್ದಾಗ ಅಧ್ಯಕ್ಷರು ಆಡಳಿತ ಮಂಡಳಿಯವರನ್ನು ಕರೆದುಕೊಂಡು ನೋಡಲು ಬಂದರು. ತಾಯಿಯ ಸುತ್ತ ಒಂದು ಸುತ್ತು ಹಾಕಿ ಭೇಷ್ ಎಂದರು. ಆಮೇಲೆ ಮರಿಗಳನ್ನು ಕಂಡು ನಿಂತರು. ಇವೇನು ಓತಿಕ್ಯಾತವೇ, ತಾಯಿ ಎರಡು ಕಾಲಿಗೆ ನಿಂತಿದ್ದರೆ ಮರಿ ಯಾಕೆ ನಾಲ್ಕು ಕಾಲಿಗೆ ಎಂದು ಕೇಳಿದರು. ನಡುವಿನದನ್ನು ನೋಡಿ, ಇದು ಬಿದ್ದದ್ದೋ ಎದ್ದದ್ದೋ ಎಂದರು. ಜೊತೆಯಲ್ಲಿದ್ದವರು ನಕ್ಕರು.

ಮಾಸ್ತರು ಸಮಾಧಾನದಿಂದಲೇ ಎಲ್ಲ ವಿವರಿಸಿದರು. ಕಿಸೆಯಲ್ಲಿದ್ದ ರಟ್ಟಿನ ಆಕಾರಗಳನ್ನು ತೆಗೆದು ಪೆನ್ಸಿಲಿನ ಮೇಲೆ ತೂಗಿಸಲು ಹೋದರು. ಗಾಳಿಗೆ ಅದು ಬಿತ್ತು. ಬಗ್ಗಿ ಎತ್ತಿಕೊಂಡು ಮತ್ತೆ ತೂಗಿಸಲು ಹೋದರು, ಮತ್ತೆ ಬಿತ್ತು. ಅಧ್ಯಕ್ಷರು ಅವರ ತಲೆಯ ಮೇಲಿಂದ ನನ್ನ ಕಡೆ ನೋಡಿದರು.

"ಸರ, ನೀವು ಸೈನ್ಸ್ ಕಲಿಸಾವ್ರು. ನೀವ ಹೇಳ್ರಿ. ಮರಿ ಹಿಂಗ ಇರತೈತೇನು?"

ಈ ಪ್ರಶ್ನೆಯನ್ನು ಅದಾದ ಮೇಲೆ ನನಗೆ ನಾನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ, ಎಷ್ಟೋ ಬಗೆಯ ಉತ್ತರ ಕೊಟ್ಟಿದ್ದೇನೆ. ಅಂದು ಕೊಡಬೇಕಾದ ಉತ್ತರಕ್ಕೆ ಎರಡು ಅಕ್ಷರ ಸಾಕಿತ್ತು, ಹೌದು. ಆದರೆ ಹಳೆಯ ಹೆಡ್ ಮಾಸ್ತರರು ಆ ತಿಂಗಳು ನಿವೃತ್ತರಾಗುವವರಿದ್ದರು. ಅವರ ಕುರ್ಚಿಗೆ ನನ್ನ ಹೆಸರು ಓಡುತ್ತಿತ್ತು. ಇನ್ನೊಬ್ಬರ ಹೆಸರೂ ಓಡುತ್ತಿತ್ತು, ಅವರೂ ಅಲ್ಲೇ ನಿಂತಿದ್ದರು. ನನ್ನ ಬಾಯಿಂದ ಬಂದ ಮಾತು ಇದು:

"ನಮ್ಮ ಪುಸ್ತಕದಾಗ ಹಂಗಿಲ್ರಿ."

ಅದು ಸುಳ್ಳಲ್ಲ. ನಮ್ಮ ಪಠ್ಯಪುಸ್ತಕದಲ್ಲಿ ಡೈನೋಸಾರ್ ಬಗ್ಗೆ ಇರುವುದೇ ನಾಲ್ಕು ಸಾಲು, ಮರಿಗಳ ಮಾತೇ ಇಲ್ಲ. ಸುಳ್ಳು ಹೇಳದೆಯೇ ಒಬ್ಬ ಮನುಷ್ಯನನ್ನು ಮುಗಿಸಬಹುದು ಎಂಬುದು ನನಗೆ ಅಂದು ತಿಳಿಯಿತು.

ಮಾಸ್ತರು ನನ್ನ ಕಡೆ ತಿರುಗಿ ನೋಡಿದರು. ಸಿಟ್ಟು ಕಾಣಲಿಲ್ಲ. ಚಿತ್ರ ಬರೆಯುವ ಮೊದಲು ವಸ್ತುವನ್ನು ನೋಡುತ್ತಾರಲ್ಲ, ಹಾಗೆ ನೋಡಿದರು, ಅಷ್ಟೇ. ಆಮೇಲೆ ಅಧ್ಯಕ್ಷರಿಗೆ, "ಸರ ಹೇಳಿದ್ದು ಖರೇ ಐತ್ರಿ. ಪುಸ್ತಕದಾಗ ಇಲ್ಲ," ಎಂದರು. ಲೇಖನ ಕೊಟ್ಟವನು ನಾನು, ಅಕ್ಷರ ಅಕ್ಷರ ಬಿಡಿಸಿ ಹೇಳಿದವನು ನಾನು ಎಂಬುದನ್ನು ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ನಾನು ಅಲ್ಲೇ ಅವರನ್ನು ದ್ವೇಷಿಸಲು ಶುರುಮಾಡಿ, ಇವತ್ತು ಹಗುರಾಗಿರುತ್ತಿದ್ದೆ.

ಮರಿಗಳನ್ನು ಎರಡು ಕಾಲ ಮೇಲೆ ನಿಲ್ಲಿಸಿ ಎಂದು ಅಧ್ಯಕ್ಷರು ಅಪ್ಪಣೆ ಮಾಡಿದರು. ನನ್ನ ಕೈಯಿಂದ ಆಗುವುದಿಲ್ಲ ಎಂದು ಮಾಸ್ತರು ಹೇಳಿದರು. ಧ್ವನಿ ಏರಿಸಲಿಲ್ಲ. ಆರು ತಲೆಯವನ ಕೈಯಿಂದ ಆದೀತು ಬಿಡಿ ಎಂದು ಅಧ್ಯಕ್ಷರು ನಕ್ಕರು. ಅಷ್ಟು ಹೊತ್ತಿಗೆ ಅದು ಎಷ್ಟು ದಿನದಿಂದ ಅವರ ಹೊಟ್ಟೆಯಲ್ಲಿತ್ತು ಎಂದು ನಮಗೆಲ್ಲ ಗೊತ್ತಾಯಿತು.

ಮರುದಿನ ಬೀಳಗಿಯ ಗೌಂಡಿಯನ್ನೇ ಕರೆಸಿದರು. ಅವನು ಮಾಸ್ತರರನ್ನು ಹುಡುಕಿಕೊಂಡು ಸ್ಟಾಫ್ ರೂಮಿಗೆ ಬಂದ. ಬಾಗಿಲಲ್ಲೇ ನಿಂತು, ಹೊಟ್ಟೆಪಾಡು ಮಾಸ್ತರ, ಸಿಟ್ಟಾಗಬೇಡ್ರಿ ಎಂದ. ಅವರು ಸಿಟ್ಟಾಗಲಿಲ್ಲ. ಸರಳು ಕತ್ತರಿಸುವಾಗ ಕಣ್ಣಿಗೆ ಕಿಡಿ ಹಾರುತ್ತದೆ, ಅಡ್ಡ ಏನಾದರೂ ಕಟ್ಟಿಕೋ ಎಂದರು. ಆ ದಿನ ಆರನೇ ತಾಸಿನವರೆಗೂ ಸುತ್ತಿಗೆಯ ಸದ್ದು ಕೇಳುತ್ತಿತ್ತು. ಆ ಸದ್ದಿನಲ್ಲೇ ಅವರು ಐದನೇ ಇಯತ್ತೆಗೆ ಎಲೆಯ ನರಗಳನ್ನು ಹೇಗೆ ಬರೆಯಬೇಕೆಂದು ಕಲಿಸಿದರು. ನಾನು ಪಕ್ಕದ ಕೋಣೆಯಲ್ಲಿ ಗುರುತ್ವದ ಪಾಠ ಮಾಡಿದೆ.

ಗೌಂಡಿ ಮರಿಗಳ ಮುಂಗಾಲು ಒಡೆದು, ಮೈಯನ್ನು ಬುಡದಿಂದ ಎಬ್ಬಿಸಿ, ಹಿಂಗಾಲಿಗೆ ಹೊಸ ಸರಳು ಕೊಟ್ಟು ನಿಲ್ಲಿಸಿದ. ತಲೆ ದೊಡ್ಡದಾದ್ದರಿಂದ ಅವು ಮುಂದಕ್ಕೆ ವಾಲಿದವು. ವಾಲದಂತೆ ಮೂರಕ್ಕೂ ಬಾಲದ ಬುಡಕ್ಕೆ ಸಿಮೆಂಟಿನ ಒಂದೊಂದು ಕಟ್ಟೆ ಕಟ್ಟಿದ. ನಡುವಿನದನ್ನು ಏನು ಮಾಡಬೇಕೆಂದು ಯಾರಿಗೂ ತೋಚಲಿಲ್ಲ. ಅದನ್ನು ಒಡೆದು ಹಾಕಿ, ಆ ಜಾಗದಲ್ಲಿ ದಾನಿಗಳ ಹೆಸರಿನ ಕಲ್ಲು ನೆಟ್ಟರು. ಉದ್ಘಾಟನೆ ವಿಜೃಂಭಣೆಯಿಂದ ಆಯಿತು. ಬಂದ ದೊಡ್ಡವರು ಮರಿಗಳ ತಲೆಯ ಮೇಲೆ ಕೈಯಿಟ್ಟು ಫೋಟೋ ತೆಗೆಸಿಕೊಂಡರು. ವಿಜ್ಞಾನದ ಬಗ್ಗೆ ಎರಡು ಮಾತು ಹೇಳಲು ನನ್ನನ್ನು ವೇದಿಕೆಗೆ ಕರೆದರು. ಹೇಳಿದೆ. ತಿಂಗಳೊಪ್ಪತ್ತಿನಲ್ಲಿ ಹೆಡ್ ಮಾಸ್ತರನೂ ಆದೆ.

ಮುಂದಿನ ವರ್ಷದ ವೇಳಾಪಟ್ಟಿ ಮಾಡುವುದು ನನ್ನ ಮೊದಲ ಕೆಲಸವಾಗಿತ್ತು. ಚಿತ್ರಕಲೆಯ ತಾಸುಗಳನ್ನು ವಾರಕ್ಕೆ ಒಂದಕ್ಕೆ ಇಳಿಸಬೇಕು, ಉಳಿದವುಗಳಿಗೆ ಸ್ಪೋಕನ್ ಇಂಗ್ಲಿಷ್ ಹಾಕಬೇಕು ಎಂದು ಮೇಲಿನಿಂದ ಬಂತು. ಹಾಕಿದೆ. ಖಾಲಿ ಉಳಿದ ತಾಸುಗಳಲ್ಲಿ ಮಾಸ್ತರರಿಗೆ ಗೋಡೆಯ ಮೇಲೆ ಸುಭಾಷಿತ ಬರೆಯುವ, ಬಸ್ಸಿನ ಮೇಲೆ ಶಾಲೆಯ ಹೆಸರು ಬರೆಯುವ ಕೆಲಸ ಕೊಟ್ಟರು. ಸತ್ಯಮೇವ ಜಯತೇ ಎಂದು ನನ್ನ ಕೋಣೆಯ ಬಾಗಿಲ ಮೇಲೆ ಬರೆದವರು ಅವರೇ. ಅಕ್ಷರಗಳ ಅಂತರವನ್ನು ಒಂದು ಕಣ್ಣು ಮುಚ್ಚಿ ಅಳೆದು ಅಳೆದು ಬರೆದರು. ನಾನು ಒಳಗೆ ಕುಳಿತು ರಜಿಸ್ಟರ್ ನೋಡುತ್ತಿದ್ದೆ. ಅವರ ನೆರಳು ಬಾಗಿಲಲ್ಲಿ ಆಡುತ್ತಿತ್ತು. ಒಮ್ಮೆಯೂ ಒಳಗೆ ಬರಲಿಲ್ಲ, ನಾನೂ ಹೊರಗೆ ಹೋಗಲಿಲ್ಲ.

ಎರಡು ವರ್ಷ ಹಾಗೆ ಸವೆಸಿದರು. ಒಂದು ದಿನ ರಾಜೀನಾಮೆಯ ಹಾಳೆ ನನ್ನ ಮೇಜಿನ ಮೇಲಿತ್ತು. ಕಾರಣ ಎಂಬಲ್ಲಿ ಒಂದು ಗೀಟು ಎಳೆದಿದ್ದರು. ಆ ಗೀಟು ಮಾತ್ರ ಅಳತೆಪಟ್ಟಿ ಇಟ್ಟು ಎಳೆದಷ್ಟು ನೆಟ್ಟಗಿತ್ತು. ನಾನು ಸಹಿ ಮಾಡಿ ಮುಂದಕ್ಕೆ ಕಳಿಸಿದೆ.

ಆಮೇಲೆ ಅವರು ರಬಕವಿಯಲ್ಲೇ ಉಳಿದು ಪವರ್‌ಲೂಮಿನವರಿಗೆ ಸೀರೆಯ ಅಂಚಿನ ನಮೂನೆ ಬರೆದುಕೊಡುತ್ತಿದ್ದರೆಂದು ಕೇಳಿದ್ದೆ. ಒಮ್ಮೆ ಮಾತ್ರ ಸಿಕ್ಕರು. ಬನಹಟ್ಟಿಯ ಬಸ್ ಸ್ಟ್ಯಾಂಡಿನಲ್ಲಿ, ಮಧ್ಯಾಹ್ನದ ಬಿಸಿಲಲ್ಲಿ, ಕಂಕುಳಲ್ಲಿ ಸುರುಳಿ ಸುತ್ತಿದ ಹಾಳೆಗಳನ್ನು ಹಿಡಿದು ನಿಂತಿದ್ದರು. ಚಿಮ್ಮಡಕ್ಕೆ ಹೊರಟಿದ್ದರು. ನನ್ನನ್ನು ಕಂಡು ಅವರೇ ಹತ್ತಿರ ಬಂದರು. ಕೂದಲು ಪೂರ್ತಿ ಬಿಳಿಯಾಗಿತ್ತು. ಮಕ್ಕಳು ಏನು ಓದುತ್ತಿದ್ದಾರೆ, ನಿಮ್ಮ ಮೊಣಕಾಲು ನೋವು ಹೇಗಿದೆ ಎಂದು ಕೇಳಿದರು. ನನಗೆ ಮೊಣಕಾಲು ನೋವು ಎಂಬುದು ನಮ್ಮ ಶಾಲೆಯಲ್ಲಿ ಈಗ ಯಾರಿಗೂ ನೆನಪಿಲ್ಲ.

"ಮಾಸ್ತರ, ಅವತ್ತ ನಾನು..." ಎಂದೆ.

"ಬಸ್ಸ ಬಂತ್ರಿ ಸರ," ಎಂದರು.

ಬಸ್ಸು ನಿಜವಾಗಿ ಬಂದಿತ್ತು. ಆದರೆ ಅದು ಚಿಮ್ಮಡದ ಬಸ್ಸಲ್ಲ, ಬೋರ್ಡಿನ ಮೇಲೆ ಮುಧೋಳ ಎಂದಿತ್ತು. ಅವರು ಅದನ್ನೇ ಹತ್ತಿ ಹೋದರು. ನಾನು ಅಲ್ಲೇ ನಿಂತು, ಮುಂದಿನ ನಿಲ್ದಾಣದಲ್ಲಿ ಇಳಿದು ಬಿಸಿಲಲ್ಲಿ ಹಿಂದಕ್ಕೆ ನಡೆದು ಬರುವ ಅವರನ್ನು ನೆನೆಸಿಕೊಂಡೆ. ನನ್ನ ಮಾತು ಕೇಳುವುದಕ್ಕಿಂತ ಅದು ಅವರಿಗೆ ಸುಲಭವಾಗಿತ್ತು.

ಸಂತಾಪ ಸಭೆ ಮುಗಿದ ಮೇಲೆ ಠರಾವಿನ ಒಂದು ಪ್ರತಿಯನ್ನೂ ಒಂದು ಹಾರವನ್ನೂ ಮನೆಗೆ ಮುಟ್ಟಿಸಿ ಬರಬೇಕೆಂದು ಅಧ್ಯಕ್ಷರು ಹೇಳಿದರು. ಯಾರನ್ನಾದರೂ ಕಳಿಸಬಹುದಿತ್ತು, ನಾನೇ ಹೋದೆ. ರಬಕವಿಯ ಅವರ ಓಣಿಯಲ್ಲಿ ಎರಡೂ ಕಡೆ ಮಗ್ಗಗಳು ಓಡುತ್ತಿದ್ದವು, ಅವರ ಮನೆಯ ಅಕ್ಕಪಕ್ಕದ ಎರಡು ಮಾತ್ರ ನಿಂತಿದ್ದವು. ಮನೆಯಲ್ಲಿ ಅವರ ಹೆಂಡತಿ, ಮದುವೆ ಮಾಡಿ ಮಹಾಲಿಂಗಪುರಕ್ಕೆ ಕೊಟ್ಟಿದ್ದ ಮಗಳು, ಇಬ್ಬರೇ ಇದ್ದರು. ನಾನು ಯಾರೆಂದು ಹೇಳಿದೆ. ಹೇಳಿದ ಕೂಡಲೇ ಆ ತಾಯಿ ಸೆರಗು ಸರಿಮಾಡಿಕೊಂಡು ಎದ್ದು ನಿಂತರು. ಬೈಯುತ್ತಾರೆ ಎಂದುಕೊಂಡೆ. ದಾರಿಯುದ್ದಕ್ಕೂ ಅದಕ್ಕೇ ತಯಾರಾಗಿ ಬಂದಿದ್ದೆ. ಬೈದರೆ ತಲೆ ತಗ್ಗಿಸಿ ಕೇಳಿಕೊಳ್ಳಬೇಕು, ಎಲ್ಲ ಹೇಳಿಬಿಡಬೇಕು ಎಂದಿದ್ದೆ.

ಅವರು ಚಾಪೆ ಹಾಸಿದರು. ಚಾ ತಂದಿಟ್ಟರು. ಠರಾವನ್ನು ಕೈಯಲ್ಲಿ ಹಿಡಿದು, ಓದದೆ, ಮಡಚಿ ಪಕ್ಕಕ್ಕಿಟ್ಟರು.

"ನಿಮ್ಮನ್ನ ನೋಡಬೇಕಂತ ಭಾಳ ಇತ್ತರಿ ಅಣ್ಣಾರ," ಎಂದರು. "ನಮ್ಮವ್ರು ಆ ಸಾಲಿ ಮಂದಿ ಯಾರ ಹೆಸರೂ ತಗೀತಿರಲಿಲ್ಲ. ನಿಮ್ಮ ಹೆಸರ ಅಷ್ಟ ತಗೀತಿದ್ರು. ಅಧ್ಯಕ್ಷರ ಮುಂದ ಎಲ್ಲಾರೂ ಸುಮ್ನ ನಿಂತಾಗ ಆ ಸರ ಒಬ್ಬರ ನನ್ನ ಕಡಿ ಮಾತಾಡಿದ್ರು ಅಂತ ಎಷ್ಟ ಸಲ ಹೇಳ್ಯಾರ."

ನಾನು ಅವರ ಮುಖ ನೋಡಿದೆ. ಅಲ್ಲಿ ವ್ಯಂಗ್ಯ ಇರಲಿಲ್ಲ. ಅವರು ಅದನ್ನು ನಂಬಿದ್ದರು. ಯಾಕೆ ಹಾಗೆ ಹೇಳಿದರೋ ನನಗೆ ಇವತ್ತಿಗೂ ತಿಳಿಯದು. ಹದಿನೆಂಟು ವರ್ಷ ದುಡಿದ ಜಾಗದಲ್ಲಿ ತನ್ನ ಪರವಾಗಿ ಒಬ್ಬರೂ ಇರಲಿಲ್ಲ ಎಂದು ಹೆಂಡತಿಯ ಮುಂದೆ ಹೇಳಲು ಮನಸ್ಸಾಗಲಿಲ್ಲವೇನೋ. ಒಬ್ಬನಾದರೂ ಇದ್ದ ಎಂದು ಹೇಳಿಕೊಳ್ಳಲು ಯಾರದೋ ಹೆಸರು ಬೇಕಾಗಿತ್ತು, ಕೈಗೆ ಸಿಕ್ಕದ್ದು ನನ್ನದು.

ಅಲ್ಲ ಅಕ್ಕಾರ, ಎನ್ನಬೇಕಿತ್ತು. ಈ ಸಲವೂ ಎರಡೇ ಅಕ್ಷರ ಸಾಕಿತ್ತು. ಚಾ ಬಿಸಿಯಾಗಿತ್ತು. ಲೋಟವನ್ನು ಬಾಯಿಗಿಟ್ಟುಕೊಂಡೆ.

"ಸರ್ರಿಗೆ ನಮಸ್ಕಾರ ಮಾಡವಾ," ಎಂದು ಆ ತಾಯಿ ಮಗಳಿಗೆ ಹೇಳಿದರು. "ನಿಮ್ಮಪ್ಪಗ ಕಷ್ಟಕ್ಕ ಆದವ್ರು ಇವರೊಬ್ಬರ."

ಹುಡುಗಿ ಎದ್ದು ಬಂದು ಬಾಗಿದಳು. ನಾನು ಕಾಲು ಹಿಂದಕ್ಕೆ ತೆಗೆಯಲಿಲ್ಲ.